ಕೊನೆಯ ಪ್ರದರ್ಶನದ ಮರುದಿನ

ಸಂಪಾದಕರೇ,

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ನಾವು ಹದಿನಾಲ್ಕು ಮಂದಿ ಸೇರಿ ಆಡುತ್ತಿದ್ದ ಸಂಗೀತ ನಾಟಕದ ಕೊನೆಯ ಪ್ರದರ್ಶನ ಮೊನ್ನೆ ಶನಿವಾರ ಮುಗಿಯಿತು. ನಮ್ಮಲ್ಲಿ ಯಾರಿಗೂ ನಾಟಕ ಹೊಟ್ಟೆಪಾಡಲ್ಲ. ತೋಟದವರು, ಬ್ಯಾಂಕಿನವರು, ಟೀಚರು, ಒಬ್ಬರು ಆಟೋ ಓಡಿಸುವವರು. ಮೂರು ತಿಂಗಳು ರಾತ್ರಿ ಒಂಬತ್ತರ ಮೇಲೆ ನಮ್ಮ ಮನೆಯ ಅಡಿಕೆ ಅಂಗಳದಲ್ಲೇ ಪ್ರಾಕ್ಟೀಸು.

ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಯಾರೂ ಮಾತಾಡಲಿಲ್ಲ. ಇನ್ನು ಸರಿಯಾಗಿ ನಿದ್ದೆ ಮಾಡಬಹುದು ಅಂತ ಖುಷಿಯಾಗಿದ್ದು ನಿಜ. ಆದರೆ ಮರುದಿನ ರಾತ್ರಿ ಒಂಬತ್ತಕ್ಕೆ ಸುಮ್ನೆ ಅಂಗಳಕ್ಕೆ ಹೋಗಿ ನಿಂತೆ. ಎರಡನೇ ಅಂಕದ ಹಾಡಿನಲ್ಲಿ ನಾನು ಶ್ರುತಿ ಬಿಟ್ಟದ್ದು, ಹಾರ್ಮೋನಿಯಂನವರು ತಕ್ಷಣ ಸ್ವರ ಒತ್ತಿ ಹಿಡಿದು ನನ್ನನ್ನು ದಾರಿಗೆ ತಂದದ್ದು ಇನ್ನೂ ಮನಸ್ಸನ್ನು ಕೊರೆಯುತ್ತಿದೆ, ಸರಿಪಡಿಸಲು ಇನ್ನೊಂದು ಪ್ರದರ್ಶನ ಇಲ್ಲ.

ಜಾಸ್ತಿ ನೆನಪಾಗುವುದು ತಂಡದ ಕಿರಿಯ ಹುಡುಗ. ಮನೆಮಾತು ತುಳು, ಓದಿದ್ದು ಮಲಯಾಳ ಮಾಧ್ಯಮದಲ್ಲಿ. ಕನ್ನಡ ಓದಲು ಬಾರದ್ದರಿಂದ ಹಾಡುಗಳನ್ನೆಲ್ಲ ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ. ಕೊನೆಯ ದಿನ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ತೋರಿಸಿದ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ಕನ್ನಡ ಉಳಿಯಬೇಕು ಅಂತ ಎಷ್ಟೋ ಭಾಷಣ ಕೇಳಿದ್ದೇನೆ, ಆದರೆ ಆ ನಾಲ್ಕು ಅಕ್ಷರ ನೋಡಿದಾಗ ಕಣ್ಣು ತುಂಬಿ ಬಂತು. ಯಕ್ಷಗಾನಕ್ಕೆ ಪಾರ್ತಿಸುಬ್ಬನಂಥ ಕವಿಯನ್ನು ಕೊಟ್ಟ ಊರು ನಮ್ಮದು, ಅಲ್ವಾ?

ಅವನು ಮುಂದಿನ ತಿಂಗಳು ಗಲ್ಫಿಗೆ ಹೋಗುತ್ತಾನೆ. ಅವನ ಪಾತ್ರದ ಕಿರೀಟ ನಮ್ಮ ಜಗಲಿಯಲ್ಲೇ ಇದೆ.

– ಒಬ್ಬ ಹವ್ಯಾಸಿ ನಟ, ಕುಂಬಳೆ