ಸವಿತಾ ಮದುವೆ ದುಡ್ಡಿಗೆ ನಾನು ಕೈ ಹಾಕಿಲ್ಲ ಅಮ್ಮ

ಅಮ್ಮಂಗೆ ನಮಸ್ಕಾರ. ನಾನಿಲ್ಲಿ ಆರಾಮಾಗಿದೀನಿ, ನೀವೆಲ್ಲ ಹುಷಾರಾಗಿದೀರ ಅಂದ್ಕೋತೀನಿ. ನಿನ್ನ ಕಾಗದ ಬಂತು.

ವಿಡಿಯೋ ಕಾಲಲ್ಲಿ ನನ್ನ ಗೋಡೆ ಮೇಲಿನ ಬಾಣ ಬಿಡೋ ಬಿಲ್ಲುಗಳನ್ನ ನೋಡಿ ಅಪ್ಪ, ಮನೇಲಿ ಮದುವೆ ಇಟ್ಕೊಂಡು ಇವನು ಅಲ್ಲಿ ಮುರುಕಲು ಬಿಲ್ಲು ಕೊಂಡು ದುಡ್ಡು ಕಳೀತಿದಾನೆ ಅಂತ ರಾತ್ರಿ ನಿದ್ದೆ ಮಾಡ್ತಿಲ್ಲ ಅಂತ ಬರ್ದಿದೀಯಲ್ಲ, ಮೊದಲು ಅವರಿಗೆ ಹೇಳು, ಸವಿತಾ ದುಡ್ಡು ಬೇರೆ ಅಕೌಂಟಲ್ಲಿ ಹಾಗೇ ಇದೆ, ಅದನ್ನ ನಾನು ಮುಟ್ಟಿಲ್ಲ, ಮುಟ್ಟೋದೂ ಇಲ್ಲ. ಛತ್ರಕ್ಕೆ ಬಾಕಿ ಕೊಡ್ಬೇಕಾಗಿರೋದೂ ನಾನೇ ಕಳಿಸ್ತೀನಿ.

ಅವು ಮುರುಕಲಲ್ಲಮ್ಮ, ಬಿಚ್ಚಿಡೋಕೆ ಅಂತಲೇ ಮಾಡಿರೋವು. ಮಧ್ಯದ ಹಿಡಿಗೆ ರೈಸರ್ ಅಂತಾರೆ, ಮೇಲೊಂದು ಕೆಳಗೊಂದು ಬಾಗೋ ತೋಳು, ಅದಕ್ಕೆ ಲಿಂಬ್ ಅಂತಾರೆ, ಮೂರು ತುಂಡು ಸೇರಿದ್ರೆ ಒಂದು ಬಿಲ್ಲು. ನಾನಿರೋ ಅಮೆರಿಕದ ಮಿಷಿಗನ್ ರಾಜ್ಯದ ಗ್ರೇಲಿಂಗ್ ಅನ್ನೋ ಸಣ್ಣ ಊರಲ್ಲೇ ಫ್ರೆಡ್ ಬೇರ್ ಅನ್ನೋರ ಬಿಲ್ಲಿನ ಕಾರ್ಖಾನೆ ಇತ್ತು, 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯ್ತು. ಅದಕ್ಕೇ ಬಿಲ್ಲಿನ ಮೇಲೆ ಗ್ರೇಲಿಂಗ್ ಅಂತಿದ್ರೆ ಅದು ಯಾವ ಕಾಲದ್ದು ಅಂತ ಒಂದು ಅಂದಾಜು ಸಿಗತ್ತೆ. ಅವರ ಟೇಕ್‌ಡೌನ್, ಅಂದ್ರೆ ಬಿಚ್ಚಿಡೋ ಬಿಲ್ಲಿನ ರೈಸರ್‌ಗಳು ಎ, ಬಿ, ಸಿ ಅಂತ ಮೂರು ಅಳತೆ, ಲಿಂಬ್‌ಗಳು 1, 2, 3 ಅಂತ. ಸ್ಪ್ಯಾನರ್ ಗಿಪ್ಯಾನರ್ ಏನೂ ಬೇಡ, ಬರೀ ಕೈಯಲ್ಲೇ ಚಿಲಕ ಹಾಕಿದ್ರೆ ಲಿಂಬ್ ಕೂತ್ಕೊಳತ್ತೆ, ಆಗ ಮಾಡಿರೋ ಕೆಲಸ ನೋಡಿದ್ರೆ ಅಪ್ಪನೂ ಭೇಷ್ ಅಂತಾರೆ.

ಈ ಗುರುತು ಗೊತ್ತಿಲ್ಲದೆ ಕೊಂಡ್ರೆ ದುಡ್ಡು ಹೋಗೋದು ನಿಜ. ಎಷ್ಟೋ ಹಳೇ ಬೇರ್ ಬಿಲ್ಲುಗಳ ಮೇಲೆ ಪೇಟೆಂಟ್ ನಂಬರ್ ಜೊತೆ ಕೆನಡಾ 1953 ಅಂತ ಇರತ್ತೆ, ಅದು ಪೇಟೆಂಟ್ ವರ್ಷ ಅಷ್ಟೇ, ಆದ್ರೆ ಮಾರೋರು ಎಷ್ಟೋ ಜನ 1953ರ ಬಿಲ್ಲು ಅಂತಲೇ ನಂಬ್ಕೊಂಡು ರೇಟ್ ಹೇಳ್ತಾರೆ. ಲಿಂಬ್ ಮೇಲೆ 45 ಪೌಂಡ್ ಅಂತ ಬರೆದಿದ್ರೆ ಅದು ಹೆದೆನ 28 ಇಂಚು ಎಳೆಯೋಕೆ ಬೇಕಾಗೋ ಬಲ, ಅದೇ ಲಿಂಬನ್ನ ಇನ್ನೂ ಗಿಡ್ಡ ರೈಸರ್‌ಗೆ ಹಾಕಿದ್ರೆ ಎಳೆಯೋಕೆ ಜಾಸ್ತಿ ಬಿಗಿ ಆಗತ್ತೆ. ನಾನು ಒಂದು ಹಿಡಿ ಹತ್ತಿ ತಗೊಂಡು ಫೈಬರ್‌ಗ್ಲಾಸ್ ಅಂಚಿನುದ್ದಕ್ಕೂ ಮೆತ್ತಗೆ ಸವರ್ತೀನಿ, ಸೀಳು ಎದ್ದಿರೋ ಕಡೆ ಹತ್ತಿ ಎಳೆ ಸಿಕ್ಕಾಕ್ಕೊಳತ್ತೆ, ಕಣ್ಣಿಗೆ ಕಾಣದ್ದೂ ಅಲ್ಲಿ ಗೊತ್ತಾಗತ್ತೆ. ಆಮೇಲೆ ಹೆದೆ ಏರಿಸಿ ತುದಿಯಿಂದ ಕಣ್ಣು ಇಟ್ಟು ನೋಡೋದು, ಹೆದೆ ಲಿಂಬಿನ ನಡುವೆ ಹೋಗ್ದೆ ಪಕ್ಕಕ್ಕೆ ಜಾರಿದ್ರೆ ಲಿಂಬ್ ತಿರುಚಿದೆ ಅಂತ, ಅಂಥದ್ದನ್ನ ಅಲ್ಲೇ ಬಿಟ್ಟು ಬರ್ತೀನಿ. ದುಡುಕಿ ಏನೂ ಕೊಳ್ಳಲ್ಲ ಅನ್ನೋದಕ್ಕೆ ಇದನ್ನೆಲ್ಲ ಬರೆದೆ.

ಬೇಟೆಗೆ ಹೋಗ್ತಾನೇನೋ ಅನ್ನೋ ಭಯ ಬೇಡ, ನಾನು ಹೊಡೆಯೋದು ಗುರಿ ಹಲಗೆಗೆ ಮಾತ್ರ. ಇಲ್ಲಿಯವರು ಮಾತ್ರ ಬೇಟೆ ಅಂದ್ರೆ ಹಬ್ಬ ಅಂತಾರೆ, ಅಕ್ಟೋಬರ್ 1ಕ್ಕೆ ಬಿಲ್ಲಿಂದ ಜಿಂಕೆ ಹೊಡೆಯೋ ಸೀಸನ್, ನವೆಂಬರ್ 15ಕ್ಕೆ ಬಂದೂಕಿಂದು, ಆ ದಿನ ಎಷ್ಟೋ ಶಾಲೆಗಳಿಗೆ ರಜಾನೇ ಕೊಟ್ಟುಬಿಡ್ತಾರೆ, ಸವಿತಾಗೆ ಹೇಳು ನಗ್ತಾಳೆ.

ಹಾಗೂ ಅಪ್ಪಂಗೆ ಸಮಾಧಾನ ಆಗ್ಲಿಲ್ಲ ಅಂದ್ರೆ ಎರಡು ಬಿಲ್ಲು ಮಾರಿಬಿಡ್ತೀನಿ, ಹಾಕಿದ ದುಡ್ಡು ವಾಪಸ್ ಬರತ್ತೆ. ಅವರ ಬಿಪಿ ಮಾತ್ರೆ ತಪ್ಪಿಸ್ಬೇಡ, ರಾತ್ರಿ ಹೊತ್ತು ಲೆಕ್ಕದ ಪುಸ್ತಕ ಕೈಗೆ ಕೊಡ್ಬೇಡ. ಮದುವೆಗೆ ಹದಿನೈದು ದಿನ ಮುಂಚೆನೇ ಬರ್ತೀನಿ, ದುಡ್ಡಿನ ವಿಷಯ ಪೂರ್ತಿ ನನಗೆ ಬಿಟ್ಟುಬಿಡಿ, ನಿಜವಾಗ್ಲೂ ಏನೂ ತೊಂದ್ರೆ ಇಲ್ಲ.

ಡ್ಯೂಟಿಗೆ ಹೊತ್ತಾಯ್ತು, ಭಾನುವಾರ ಫೋನ್ ಮಾಡ್ತೀನಿ.

ಇಂತಿ ನಿನ್ನ ಮಗ,
ರವಿ