ಮೊದಲು ಕವರ್ ತಗೋ, ಆಮೇಲೆ ಕಾರ್ಡ್ ಮಾಡು

ಗೆಳೆಯಾ,

ಗೃಹಪ್ರವೇಶದ ಕಾರ್ಡ್ ಪ್ರಿಂಟ್ ಹಾಕಿಸದೆ ಮನೆಯಲ್ಲೇ ಮಾಡುತ್ತೇವೆ, ಮಗಳೂ ಕೈ ಹಾಕುತ್ತಾಳೆ ಅಂದೆಯಲ್ಲ, ಖುಷಿಯಾಯಿತು. ನಲವತ್ತು ಕಾರ್ಡ್ ಅಂದರೆ ದೊಡ್ಡ ಕೆಲಸವೇನಲ್ಲ. ಆದರೆ ನೀನು ಕೇಳಿದ ಮೊದಲ ಪ್ರಶ್ನೆಯೇ ಮಿನುಗು, ಲೇಸು ಎಲ್ಲಿ ಸಿಗುತ್ತೆ ಅಂತ. ಅದನ್ನೆಲ್ಲ ಸದ್ಯಕ್ಕೆ ಮರೆತುಬಿಡು ಕಣೋ. ಅಂಚು ನೆಟ್ಟಗಿದ್ದು ಮಡಿಕೆ ಸರಿಯಾಗಿ ಬಿದ್ದಿದ್ದರೆ ಬರೀ ಬಿಳಿ ಕಾರ್ಡೂ ಚೆಂದ ಕಾಣುತ್ತದೆ. ಮಡಿಕೆ ಒಡೆದಿದ್ದರೆ ಎಷ್ಟು ಮಿನುಗು ಸುರಿದರೂ ಅಷ್ಟೇ.

ಮೊದಲು ಕವರ್ ತಗೋ. ಎಲ್ಲರೂ ಕಾರ್ಡ್ ಮಾಡಿ ಮುಗಿಸಿ ಆಮೇಲೆ ಅದಕ್ಕೆ ಹೊಂದುವ ಕವರ್ ಹುಡುಕಿಕೊಂಡು ಅಲೆಯುತ್ತಾರೆ. ಮಡಿಸಿದ ಮೇಲೆ 5 × 7 ಇಂಚು ಬರುವ ಕಾರ್ಡ್ ಒಳ್ಳೆಯ ಅಳತೆ. ಅದಕ್ಕೆ ಉದ್ದದಲ್ಲೂ ಅಗಲದಲ್ಲೂ ಕಾಲು ಇಂಚು ಜಾಸ್ತಿ ಇರುವ ಕವರ್ ಬೇಕು.

ಕಾಗದ 200ರಿಂದ 250 ಜಿಎಸ್‌ಎಂ ಇರಲಿ, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗಬೇಕು. ಜೆರಾಕ್ಸ್ ಹಾಳೆ 70, 80 ಇರುತ್ತದೆ, ಕಾರ್ಡ್‌ಗೆ ಅದು ಸಾಲದು, ನಿಲ್ಲೋದೇ ಇಲ್ಲ. ಅಂಗಡಿಯಲ್ಲಿ ದೊಡ್ಡ ಶೀಟು ಸಾಮಾನ್ಯವಾಗಿ 22 × 28 ಇಂಚಿನದು ಸಿಗುತ್ತದೆ. ಇಲ್ಲೊಂದು ವಿಷಯ ಇದೆ, ಅಂಗಡಿಯವನು ಹೇಳೋದಿಲ್ಲ. ಮಿಲ್ಲಿನ ಕಾಗದದಲ್ಲಿ ನಾರೆಲ್ಲ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮಲಗಿರುತ್ತದೆ, ಮೆಷಿನ್ ಓಡುವ ದಿಕ್ಕಿಗೆ. ಆ ದಿಕ್ಕಿಗೆ ಮಡಿಸಿದರೆ ನುಣ್ಣಗೆ ಬಗ್ಗುತ್ತದೆ, ಅಡ್ಡ ಮಡಿಸಿದರೆ ಮಡಿಕೆಯ ಮೇಲೆ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ, ಅದರಲ್ಲೂ ಬಣ್ಣದ ಶೀಟಾದರೆ ಎದ್ದು ಕಾಣುತ್ತದೆ. ದಿಕ್ಕು ಗೊತ್ತಾಗಬೇಕಾದರೆ ಶೀಟನ್ನು ಮಡಿಸದೆ ಸುಮ್ನೆ ಬಗ್ಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡು, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಕಡಿಮೆ ಸೆಟೆಯುತ್ತೋ ಆ ಕಡೆಗೇ ಮಡಿಕೆ ಬರಬೇಕು.

ಲೆಕ್ಕ ಕೂಡ ಇದರ ಮೇಲೇ ನಿಂತಿದೆ. ಬಿಡಿಸಿಟ್ಟ ಕಾರ್ಡ್ 7 × 10 ಇಂಚು, ಮಡಿಕೆ 7 ಇಂಚಿನ ಗುಂಟ. ನಾರು 28 ಇಂಚಿನ ಉದ್ದಕ್ಕಿದ್ದರೆ ಒಂದು ಶೀಟಿಗೆ 8 ಕಾರ್ಡ್ ಬರುತ್ತದೆ, 2 ಇಂಚಿನ ಪಟ್ಟಿ ಉಳಿಯುತ್ತದೆ. 22 ಇಂಚಿನ ಕಡೆಗಿದ್ದರೆ 6 ಮಾತ್ರ. ಅಂದರೆ ನಿನಗೆ 5 ಶೀಟೋ 7 ಶೀಟೋ ಅನ್ನೋದು ಅಂಗಡಿಯಲ್ಲಿ ಬಗ್ಗಿಸಿ ನೋಡಿದಾಗಲೇ ಗೊತ್ತಾಗಬೇಕು. ಒಂದು ಜಾಸ್ತಿಯೇ ತಗೋ. ಉಳಿದ ಪಟ್ಟಿ ಎಸೆಯಬೇಡ, ಬಣ್ಣ, ಪೆನ್ನು ಎಲ್ಲ ಅದರ ಮೇಲೆ ಹಾಕಿ ನೋಡಬಹುದು. ಕೈಕಾಗದ, ಅಂದರೆ ಹತ್ತಿ ಬಟ್ಟೆಯ ಚೂರಿನಿಂದ ಮಾಡಿದ್ದು, ತಗೊಂಡರೆ ಈ ದಿಕ್ಕಿನ ತಲೆನೋವು ಕಡಿಮೆ. ಆದರೆ ಅದರಲ್ಲಿ ಇಂಕ್ ಹರಡಬಹುದು, ಮೊದಲು ಒಂದು ಮೂಲೆಯಲ್ಲಿ ಬರೆದು ನೋಡು.

ಮಡಿಸೋಕೆ ಮುಂಚೆ ಗೆರೆ ಹಾಕಬೇಕು. ಇಂಕ್ ಮುಗಿದ ಬಾಲ್ ಪೆನ್ ಸಾಕು. ಕೆಳಗೆ ನಾಲ್ಕೈದು ಪದರ ಪೇಪರ್ ಹಾಸಿ, ಸ್ಟೀಲ್ ಸ್ಕೇಲ್ ಇಟ್ಟು, ಕಾರ್ಡಿನ ಹೊರಮೈ ಮೇಲೆ ಒಂದೇ ಹದಕ್ಕೆ ಒತ್ತಿ ಎರಡು ಸಲ ಎಳೆ. ಹಿಂದುಗಡೆ ಸಣ್ಣ ಉಬ್ಬು ಬರುತ್ತದಲ್ಲ, ಮಡಿಸಿದಾಗ ಅದು ಒಳಗೆ ಹೋಗಬೇಕು. ತುಂಬಾ ಜನ ಉಲ್ಟಾ ಮಡಿಸುತ್ತಾರೆ. ಆಮೇಲೆ ಮೇಲೊಂದು ಹಾಳೆ ಇಟ್ಟು ಚಮಚದ ಬೆನ್ನಿಂದ ಉಜ್ಜು. ಹಾಳೆ ಇಡದಿದ್ದರೆ ಕಾಗದ ಮಿರುಗಿ ಕಲೆಯ ಥರ ಕಾಣುತ್ತದೆ.

ಚಿತ್ರಕ್ಕೆ ಮಾವಿನೆಲೆ ತೋರಣ ಸಾಕು. ಆಲೂಗಡ್ಡೆ ಹೆಚ್ಚಿ ಎಲೆಯಾಕಾರಕ್ಕೆ ಕೆತ್ತಿ ಅಚ್ಚು ಮಾಡು, ಹೂವಿಗೆ ಬೆಂಡೆಕಾಯಿ ಇದ್ದೇ ಇದೆ. ಕತ್ತರಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ ಸ್ವಲ್ಪ ಹೊತ್ತು ಆರಲು ಬಿಡು, ಲೋಳೆ ಇದ್ದರೆ ಬಣ್ಣ ಹಿಡಿಯೋದಿಲ್ಲ. ಅಚ್ಚನ್ನು ಬಣ್ಣಕ್ಕೆ ಅದ್ದಬೇಡ, ಪೋಸ್ಟರ್ ಕಲರನ್ನು ಬ್ರಷ್‌ನಿಂದ ತೆಳ್ಳಗೆ ಸವರಿ ಒತ್ತು. ಇದನ್ನು ಮಗಳಿಗೇ ಬಿಡು, ಎರಡು ಎಲೆ ವಾರೆಯಾದರೆ ಆಗಲಿ.

ಬರಹದ್ದು ಬೇರೆ ಕಥೆ. ಯೂಟ್ಯೂಬಿನಲ್ಲಿ ತೋರಿಸೋದೆಲ್ಲ ಇಂಗ್ಲಿಷ್ ಅಕ್ಷರಕ್ಕೆ, ನಮಗೆ ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ಗೃಹಪ್ರವೇಶ’, ಕೆಳಗೇ ‘ಶ್ರೀ’ ಬಂತು ಅಂತಿಟ್ಟುಕೋ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಪೆನ್ಸಿಲ್ ಗೆರೆ 8 ಮಿಮೀ ಬದಲು 12 ಮಿಮೀ ದೂರಕ್ಕೆ ಎಳೆ. ಮಾತು ಕಡಿಮೆ ಮಾಡು. ದಿನ, ಹೊತ್ತು, ವಿಳಾಸ, ಊಟ ಇಷ್ಟಿದ್ದರೆ ಸಾಕು ಅಲ್ವಾ, ವಂಶಾವಳಿ ಬೇಡ.

ಏನಾದರೂ ಅಂಟಿಸೋದಿದ್ದರೆ ಗ್ಲೂ ಸ್ಟಿಕ್ ಅಥವಾ ಡಬಲ್ ಟೇಪ್ ಬಳಸು. ಫೆವಿಕಾಲ್‌ನಲ್ಲಿ ನೀರಿರುತ್ತದೆ, ಜಾಸ್ತಿ ಹಚ್ಚಿದರೆ ಕಾಗದ ಸುಕ್ಕಾಗುತ್ತದೆ. ಮೂಲೆಗೆ ಅರಿಶಿನ ಹಚ್ಚುವಾಗಲೂ ನೀರು ಕಮ್ಮಿ ಇರಲಿ. ನೆರಳಲ್ಲಿ ಒಣಗಿಸು, ಬಿಸಿಲಲ್ಲಿಟ್ಟರೆ ಬಣ್ಣ ಮಾಸುತ್ತದೆ, ಹಸಿ ಇರುವಾಗ ಒಂದರ ಮೇಲೊಂದು ಪೇರಿಸಿದರೆ ಎಲ್ಲದಕ್ಕೂ ಹಳದಿ ಮುದ್ರೆ.

ಅಂಚೆಯಲ್ಲಿ ಕಳಿಸೋದಿದ್ದರೆ ತೂಕ ನೋಡು. 250 ಜಿಎಸ್‌ಎಂ ಕಾಗದದ ಈ ಅಳತೆಯ ಕಾರ್ಡು ಸುಮಾರು 11 ಗ್ರಾಂ, ಕವರ್ ಸೇರಿದರೆ 16, 17. ಸಾದಾ ಪತ್ರದ ಮೊದಲ ದರ 20 ಗ್ರಾಂವರೆಗೆ. ನಿನ್ನ ಲೇಸು, ಮಿನುಗು ಅಂಟಿಸಿದರೆ ಅದು ದಾಟಿಹೋಗುತ್ತದೆ, ಸ್ಟ್ಯಾಂಪ್ ಜಾಸ್ತಿ ಹಚ್ಚಬೇಕು.

ಶೀಟು ತಂದ ಮೇಲೆ ಎಂಟೋ ಆರೋ ಅಂತ ಫೋನ್ ಮಾಡು. ಒಳ್ಳೆಯ ಕಟ್ಟರ್ ನನ್ನ ಹತ್ತಿರ ಇದೆ, ಶನಿವಾರ ತಗೊಂಡು ಬರುತ್ತೇನೆ. ಕತ್ತರಿಸೋದನ್ನು ಮಾತ್ರ ಮಗಳಿಗೆ ಕೊಡಬೇಡ.

ನಿನ್ನವ