ಸುಪಯಾಲತ್ ಹೊತ್ತಗೆ ಅಚ್ಚಿಗೆ ಹೋಯಿತು, ಅಕ್ಕನ ಋಣ ಉಳಿಯಿತು

ಬರ್ಮಾದ ಕೊನೆಯ ರಾಣಿ ಸುಪಯಾಲತ್‌ಳ ಬದುಕನ್ನು ಹೇಳುವ ನಮ್ಮ ಕಿರುಹೊತ್ತಗೆ ಅಚ್ಚಿಗೆ ಹೋಗಿದೆ. ಈ ಕೆಲಸದ ಪಾಡು ಗೆಳೆಯರಿಗೆಲ್ಲ ಗೊತ್ತಿದ್ದದ್ದೇ. ಹಳೆಯ ಪುಸ್ತಕ ಒದಗಿಸಿದವರು, ನಕ್ಷೆ ಬರೆದವರು, ರಾಜಕುಟುಂಬವನ್ನು ಗಡಿಪಾರು ಮಾಡಿ ಇಟ್ಟಿದ್ದ ರತ್ನಾಗಿರಿಯ ಸಮಾಧಿಗಳ ಫೋಟೊ ಕಳಿಸಿದವರು, ಹಣ ಹೊಂದಿಸಿದವರು, ಎಲ್ಲರಿಗೂ ಕೈಮುಗಿಯುತ್ತೇವೆ.

ಕೊನೆಯ ರಾತ್ರಿ ಬೆಳಗಾಗುವವರೆಗೆ ಕರಡು ತಿದ್ದುತ್ತ ಕೂತ ಅಕ್ಕನಿಗೆ ಮಾತ್ರ ಇಷ್ಟು ಸಾಲದು.

ಅಕ್ಕ, ಆ ವಂಶವೃಕ್ಷ ನಿಮ್ಮದೇ. ಬರ್ಮಾದ ಕೊನೆಯ ದೊರೆ ಥೀಬಾ, ಅವನ ರಾಣಿ ಸುಪಯಾಲತ್ ಇಬ್ಬರಿಗೂ ತಂದೆ ಮಿಂಡೋನ್ ದೊರೆ, ತಾಯಂದಿರು ಬೇರೆ. ಗಂಡನ ಮನೆ, ಹೆಂಡತಿಯ ಮನೆ ಎಂದು ಎರಡು ಕವಲು ಬರೆದರೆ ಮಿಂಡೋನ್ ಹೆಸರು ಎರಡು ಕಡೆ ಬಂದು, ಓದುಗರು ಇಬ್ಬರು ದೊರೆಗಳೆಂದುಕೊಳ್ಳುತ್ತಾರೆ. ನೀವು ದೊರೆಯನ್ನು ಒಮ್ಮೆಯೇ ನಡುವೆ ಇಟ್ಟು, ರಾಣಿಯರನ್ನು ಎರಡು ಬದಿಗೆ ಬರೆದು, ಮಕ್ಕಳ ಮದುವೆಗೆ ಜೋಡಿಗೆರೆ ಎಳೆದಿರಿ. ಸುಪಯಾಜಿ, ಸುಪಯಾಲತ್, ಸುಪಯಾಲೇ ಅಕ್ಕತಂಗಿಯರು. ಹೆಸರಿನ ಬಾಲ ತಪ್ಪಿದರೆ ಒಬ್ಬಳ ಬದುಕು ಇನ್ನೊಬ್ಬಳ ಲೆಕ್ಕಕ್ಕೆ ಹೋಗುತ್ತದೆ. ಒಂದೊಂದು ಫೋಟೊದ ಅಡಿಬರಹವನ್ನೂ ನೀವು ಬಿಡದೆ ನೋಡಿದಿರಿ.

1879ರ ಪುಟ ಎಲ್ಲಕ್ಕಿಂತ ಕಷ್ಟದ್ದು. ಥೀಬಾನ ಪಟ್ಟಕ್ಕೆ ಅಡ್ಡ ಬರಬಹುದೆಂದು ಸುಮಾರು 80 ಮಂದಿ ರಾಜಬಂಧುಗಳ ಕೊಲೆ, ಅವರಲ್ಲಿ ಮಕ್ಕಳೂ ಇದ್ದರು. ಅದನ್ನು ಓದಿ ಮುಂದಿನ ಸಾಲಿಗೆ ಹೋಗಲು ಕೈ ಬರುವುದಿಲ್ಲ. ಪಾಪವನ್ನೆಲ್ಲ ಹತ್ತೊಂಬತ್ತು ವರ್ಷದ ರಾಣಿಯ ತಲೆಗೆ ಕಟ್ಟಬೇಡಿ, ಥೀಬಾನನ್ನು ಪಟ್ಟಕ್ಕೆ ತಂದ ಅವಳ ತಾಯಿ ಸಿನ್‌ಬ್ಯೂಮಶಿನ್, ಮಂತ್ರಿಗಳು ಇವರನ್ನೂ ಬರೆಯಿರಿ, ಆದರೆ ಸತ್ತವರನ್ನು ಮರೆಸಬೇಡಿ ಎಂದಿರಿ. ಆ ಪುಟ ಈಗ ಹಾಗೆಯೇ ಇದೆ.

ಹೆಚ್ಚಿನ ಬರಹಗಳು 1885ರ ನವೆಂಬರಿನಲ್ಲಿ, ಇಂಗ್ಲಿಷರು ರಾಜ, ರಾಣಿಯನ್ನು ರಾಜಧಾನಿ ಮಂಡಾಲೆಯಿಂದ ಹಡಗು ಹತ್ತಿಸಿ ಇಂಡಿಯಾಕ್ಕೆ ಗಡಿಪಾರು ಮಾಡಿದಲ್ಲಿಗೆ ನಿಲ್ಲುತ್ತವೆ. ಅವಳು ರಾಣಿಯಾಗಿದ್ದದ್ದು ಏಳು ವರ್ಷ. ಆಮೇಲೆ ಬದುಕಿದ್ದು ನಲವತ್ತು. ಬದುಕುಳಿದ ನಾಲ್ವರು ಹೆಣ್ಣುಮಕ್ಕಳಲ್ಲಿ ಮೂರನೆಯವಳು ಹುಟ್ಟಿದ್ದು ಮದ್ರಾಸಿನಲ್ಲಿ, ಕೊನೆಯವಳು ರತ್ನಾಗಿರಿಯಲ್ಲಿ. ಒಡವೆಗಳನ್ನು ಒಂದೊಂದಾಗಿ ಮಾರಿ ಮನೆ ನಡೆಯಿತು. ರತ್ನಾಗಿರಿಯ ಹೊಸ ಅರಮನೆ ಸಿದ್ಧವಾದದ್ದು 1910ಕ್ಕೆ. 1912ರಲ್ಲಿ ಜೊತೆಗೆ ಬಂದಿದ್ದ ತಂಗಿ ಸುಪಯಾಲೇ, 1916ರಲ್ಲಿ ಥೀಬಾ ತೀರಿಕೊಂಡರು. 1919ರಲ್ಲಿ ರಂಗೂನಿಗೆ ಮರಳಲು ಬಿಟ್ಟರು, ಮಂಡಾಲೆಗೆ ಬಿಡಲಿಲ್ಲ. ಈ ಭಾಗಕ್ಕೆ ಅರ್ಧ ಪುಸ್ತಕ ಕೊಡಿಸಿದವರು ನೀವು, ಅಕ್ಕ. 1925ರಲ್ಲಿ ಅವಳು ಸಾಯುವವರೆಗಿನ ರಂಗೂನಿನ ಪುಟಗಳು ಇನ್ನೂ ಬೆಳೆಯಬೇಕು. ಎರಡನೆಯ ಮುದ್ರಣದ ಕರಡೂ ನಿಮ್ಮ ಕೈಗೇ ಬರುತ್ತದೆ.